ಅಂತ್ಯಸಂಸ್ಕಾರ ಭವನದಿಂದ ಕಲಾಕೇಂದ್ರ: ಪ್ಯಾರಿಸ್‌ನ ‘ನೂರನಾಲ್ಕು’

ಪ್ಯಾರಿಸ್ ನಗರದ ಈಶಾನ್ಯ ಭಾಗದಲ್ಲಿ, ಒಬೆರ್ವಿಲಿಯೆ ರಸ್ತೆಯ 104ನೇ ನಂಬರಿನಲ್ಲಿರುವ ಕಲಾಕೇಂದ್ರಕ್ಕೆ ಆ ಸಂಖ್ಯೆಯೇ ಹೆಸರು. ಫ್ರೆಂಚ್ ಭಾಷೆಯಲ್ಲಿ ‘ಸಾಂಕಾತ್ರ್’ ಎಂದರೆ ನೂರನಾಲ್ಕು. ಈ ಕಟ್ಟಡದ ಮೂಲ ಧರ್ಮಸಭೆಯಲ್ಲಿದೆ ಎಂಬುದರಿಂದ ಇದನ್ನು ವಾಚಕರಿಗೆ ಪರಿಚಯಿಸುತ್ತಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಅಂತ್ಯಸಂಸ್ಕಾರದ ಏರ್ಪಾಡು ಕಾನೂನಿನ ಪ್ರಕಾರ ಧಾರ್ಮಿಕ ಸಂಸ್ಥೆಗಳ ಹೊಣೆಯಾಗಿತ್ತು. ಅದಕ್ಕಾಗಿ ಪ್ಯಾರಿಸ್ ಮಹಾಧರ್ಮಪ್ರಾಂತ್ಯವು 1873-74ರಲ್ಲಿ ಕಬ್ಬಿಣ, ಇಟ್ಟಿಗೆ, ಗಾಜುಗಳ ಈ ವಿಶಾಲ ಭವನವನ್ನು ಕಟ್ಟಿಸಿತು. ಶವಪೆಟ್ಟಿಗೆ ಮಾಡುವ ಬಡಗಿಗಳು, ಗಾಡಿ ಹೊಡೆಯುವವರು, ಕುದುರೆ ನೋಡಿಕೊಳ್ಳುವವರು ಸೇರಿ ಸುಮಾರು ಸಾವಿರ ಮಂದಿ ಇಲ್ಲಿ ದುಡಿಯುತ್ತಿದ್ದರು. ವರ್ಷಕ್ಕೆ ಸುಮಾರು 27,000 ಶವಗಾಡಿಗಳು ಇಲ್ಲಿಂದ ಹೊರಡುತ್ತಿದ್ದವು. 1905ರಲ್ಲಿ ಧರ್ಮಸಭೆಯೂ ಸರ್ಕಾರವೂ ಬೇರ್ಪಟ್ಟ ಕಾಲಕ್ಕೆ ಈ ಸೇವೆ ನಗರಾಡಳಿತದ ಕೈಗೆ ಹೋಯಿತು. ಜ್ಞಾನಸ್ನಾನ ಹೊಂದದವರಿಗೂ ಆತ್ಮಹತ್ಯೆ ಮಾಡಿಕೊಂಡವರಿಗೂ ಸಮಾನ ಗೌರವ ಸಿಗಬೇಕೆಂಬುದು ಆಗಿನ ವಾದ. ಅದರಲ್ಲಿ ಹುರುಳಿರಲಿಲ್ಲ ಎಂದು ನಾವು ಹೇಳಲಾರೆವು.

1993ರಲ್ಲಿ ನಗರಾಡಳಿತದ ಏಕಸ್ವಾಮ್ಯವೂ ಕೊನೆಗೊಂಡಿತು. ಕೆಲವೇ ವರ್ಷಗಳಲ್ಲಿ ಭವನ ಬರಿದಾಯಿತು. ಬಳಿಕ ಮೇಯರ್ ಬೆರ್ತ್ರಾಂ ದೆಲನೊಯೆ ಅವರ ಆಡಳಿತ ಇದನ್ನು ಕಲಾಕೇಂದ್ರವಾಗಿಸಲು ಮುಂದಾಯಿತು. ಸುಮಾರು ಹತ್ತು ಕೋಟಿ ಯೂರೋ ವೆಚ್ಚದಲ್ಲಿ ದುರಸ್ತಿಯಾಗಿ, 2008ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಕಬ್ಬಿಣದ ಕಂಬಗಳೂ ಗಾಜಿನ ಮಾಡೂ ಹಾಗೆಯೇ ಉಳಿದವು.

ಆದರೆ ಜನ ಬರಲಿಲ್ಲ. ಕಲಾವಿದರು ಒಳಗೆ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಸುತ್ತಲಿನ ಬಡ ಕುಟುಂಬಗಳಿಗೆ, ವಲಸಿಗರಿಗೆ ಇದು ತಮ್ಮದೆನಿಸಲಿಲ್ಲ. ಹಳೆಯ ಕಟ್ಟಡದ ಮಾತು ಬಂದಾಗ ನಮ್ಮ ಸಮಿತಿಗಳಲ್ಲಿ ಮೊದಲು ಲೆಕ್ಕ ಹಾಕುವುದು ಮಾಡಿಗೆ, ಗೋಡೆಗೆ ಎಷ್ಟು ಬೇಕು ಎಂದು. ಇಲ್ಲಿ ಹಣವಿತ್ತು, ಮಾಡೂ ಭದ್ರವಾಗಿತ್ತು.

2010ರಲ್ಲಿ ಜೋಸೆ ಮಾನುಯೆಲ್ ಗೊನ್ಸಾಲ್ವೆಸ್ ಅವರು ನಿರ್ದೇಶಕರಾಗಿ ಬಂದ ಮೇಲೆ ಚಿತ್ರ ಬದಲಾಯಿತು. ನಡುವಿನ ದೊಡ್ಡ ಅಂಗಳವನ್ನು ಯಾರು ಬೇಕಾದರೂ ಉಚಿತವಾಗಿ ಅಭ್ಯಾಸಕ್ಕೆ ಬಳಸಬಹುದಾಯಿತು. ಮೊದಲೇ ಹೆಸರು ಕೊಡಬೇಕಾಗಿಲ್ಲ, ಅರ್ಜಿ ಬೇಕಾಗಿಲ್ಲ. ಒಂದು ಮೂಲೆಯಲ್ಲಿ ಹಿಪ್‌ಹಾಪ್ ಕುಣಿಯುವ ಹುಡುಗರು, ಇನ್ನೊಂದೆಡೆ ಚೆಂಡು ಹಾರಿಸಿ ಹಿಡಿಯುವವರು, ಪಕ್ಕದಲ್ಲಿ ನಾಟಕದ ಮಾತು ಬಾಯಿಪಾಠ ಮಾಡುವವರು. ಬಾಡಿಗೆ ಸಭಾಂಗಣ ಹಿಡಿಯಲಾಗದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೇನಿದೆ? ಟಿಕೆಟಿನ ಕಾರ್ಯಕ್ರಮಗಳೂ ಇವೆ. ಅವುಗಳಿಗೆ ಬಂದವರು ಈ ಅಂಗಳ ದಾಟಿಯೇ ಹೋಗಬೇಕು.

ಅದೇ ಮಾಡಿನಡಿ ಎಮ್ಮಾವುಸ್ ಬಳಗದ ಹಳೆ ಸಾಮಾನಿನ ಅಂಗಡಿಗೂ, ಪುಟ್ಟ ಮಕ್ಕಳು ಹೆತ್ತವರೊಡನೆ ಬಂದು ಆಡುವ ಕೋಣೆಗೂ ಜಾಗ ಕೊಡಲಾಗಿದೆ.