ಬೀಗ ಮುರಿದರೂ ತೆರೆಯದ ಪೆಟ್ಟಿಗೆ

ಪಾಸ್‌ವರ್ಡ್ ಮರೆತ ಲ್ಯಾಪ್‌ಟಾಪನ್ನು ಹಿಡಿದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗೆ ಹೋದವರಿಗೆ ಈಗ ಮೊದಲು ಎದುರಾಗುವ ಪ್ರಶ್ನೆ: ‘ಫಾರ್ಮ್ಯಾಟ್ ಮಾಡ್ಬೇಕಾಗುತ್ತೆ, ಡೇಟಾ ಹೋದ್ರೆ ಪರವಾಗಿಲ್ವಾ?’ ಇಪ್ಪತ್ತು ವರ್ಷದ ಹಿಂದಾಗಿದ್ದರೆ ಅದೇ ಅಂಗಡಿಯಲ್ಲಿ ‘ಅರ್ಧ ಗಂಟೆ ಬಿಟ್ಟು ಬನ್ನಿ’ ಎಂದಿದ್ದರೆ ಮುಗಿಯುತ್ತಿತ್ತು; ಫೋಟೊ, ಪತ್ರ, ಲೆಕ್ಕಪತ್ರ ಎಲ್ಲವೂ ಇದ್ದಲ್ಲೇ ಇರುತ್ತಿದ್ದವು. ಈ ನಡುವೆ ರಿಪೇರಿಯವರ ಕೈಚಳಕವೇನೂ ಕುಂದಿಲ್ಲ, ಮರೆವು ಎಂಬುದೂ ಮನುಷ್ಯರಿಗೆ ಹೊಸದಾಗಿ ಅಂಟಿದ ಜಾಡ್ಯವಲ್ಲ. ಬೀಗದ ಜಾತಿಯೇ ಬದಲಾಗಿದೆ. ಪಾಸ್‌ವರ್ಡಿನ ಚರಿತ್ರೆಯನ್ನು ಭದ್ರತೆ ಬಿಗಿಯಾಗುತ್ತ ಹೋದ ಕತೆಯಾಗಿ ಹೇಳುವುದು ರೂಢಿ. ಅದು ಸುಳ್ಳಲ್ಲ, ಅರ್ಧ ಕತೆ ಅಷ್ಟೆ. ಉಳಿದರ್ಧ ಗೊತ್ತಾಗಬೇಕಾದರೆ ಮರೆತವರ ಕಡೆಯಿಂದ ನೋಡಬೇಕು, ಒಂದೊಂದು ಕಾಲದಲ್ಲಿ ಎರಡನೇ ಕೀಲಿಕೈ ಯಾರ ಸೊಂಟದಲ್ಲಿತ್ತು ಎಂದು ಕೇಳಬೇಕು. ಆ ಕೀಲಿಕೈ ಕಚೇರಿಯಿಂದ ಯಂತ್ರದ ಒಡೆಯನ ಕೈಗೆ ಬಂದು, ಅಲ್ಲಿಂದ ಒಡೆಯನಿಗೆ ಗೊತ್ತೇ ಆಗದಂತೆ ಮತ್ತೆಲ್ಲಿಗೋ ಜಾರಿದೆ ಎಂಬುದು ಈ ಬರಹದ ವಾದ.

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ ಮೊದಲು ಪ್ರದರ್ಶಿಸಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಒಂದೇ ದೊಡ್ಡ ಯಂತ್ರವನ್ನು ಹಲವರ ನಡುವೆ ಹಂಚುತ್ತಿತ್ತು. ಯಂತ್ರದ ಸಮಯ ಬಂಗಾರದಷ್ಟು ದುಬಾರಿ. ಯಾರು ಎಷ್ಟು ಬಳಸಿದರು ಎಂಬ ಲೆಕ್ಕಕ್ಕೆ, ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕದಿರಲಿ ಎಂಬ ಕಾರಣಕ್ಕೆ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದ ಕೊಟ್ಟರು. ತಿಜೋರಿಯ ಬೀಗಕ್ಕಿಂತ ಹೆಚ್ಚಾಗಿ ಅದು ರೇಷನ್ ಚೀಟಿಯಂತಿತ್ತು. ಪದಗಳೆಲ್ಲ ಒಂದೇ ಕಡತದಲ್ಲಿ, ಬರೆದದ್ದು ಬರೆದಂತೆಯೇ ಇರುತ್ತಿದ್ದವು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆ ಸಾಲದೆ, 1962ರಲ್ಲಿ ಆ ಕಡತವನ್ನು ಮುದ್ರಿಸಿಕೊಡುವಂತೆ ಒಂದು ಪಂಚ್ ಕಾರ್ಡ್ ಹಾಕಿದ. ಯಂತ್ರ ಎಲ್ಲರ ಪಾಸ್‌ವರ್ಡನ್ನೂ ನಿಷ್ಠೆಯಿಂದ ಅಚ್ಚುಹಾಕಿ ಕೊಟ್ಟಿತು. ಇದನ್ನು ಅವನೇ ಬಹಳ ವರ್ಷಗಳ ನಂತರ ಒಪ್ಪಿಕೊಂಡ. 1966ರಲ್ಲಿ ಇನ್ನೊಂದು ತಮಾಷೆ. ದಿನದ ಪ್ರಕಟಣೆಯನ್ನು ಒಬ್ಬರು, ಪಾಸ್‌ವರ್ಡ್ ಕಡತವನ್ನು ಇನ್ನೊಬ್ಬರು ಒಂದೇ ಹೊತ್ತಿನಲ್ಲಿ ತಿದ್ದುತ್ತಿದ್ದಾಗ ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಪ್ರಕಟಣೆಯ ಜಾಗದಲ್ಲಿ ಊರಿನ ಪಾಸ್‌ವರ್ಡುಗಳೇ ಕಾಣಿಸಿದವು. ಈ ಘಟನೆಗಳನ್ನು ಭದ್ರತೆಯ ಸೋಲು ಎಂದೇ ಪಠ್ಯಗಳು ಹೇಳುತ್ತವೆ. ಆದರೆ ಇವು ಇನ್ನೊಂದು ಸಂಗತಿಗೂ ಸಾಕ್ಷಿ: ಆ ದಿನಗಳಲ್ಲಿ ಮರೆವಿಗೆ ಬೆಲೆಯೇ ಇರಲಿಲ್ಲ. ಕಚೇರಿಗೆ ಹೋಗಿ ಕೇಳಿದರೆ ಪಟ್ಟಿ ನೋಡಿ ಹೇಳಬಹುದಿತ್ತು.

ಆ ಪಟ್ಟಿಯನ್ನು ಯಾರೂ ಓದಲಾಗದಂತೆ ಮಾಡುವ ಉಪಾಯ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಬಂತು. ರೋಜರ್ ನೀಡಮ್ ಮತ್ತು ಸಹೋದ್ಯೋಗಿಗಳು 1960ರ ದಶಕದ ಉತ್ತರಾರ್ಧದಲ್ಲಿ ಪಾಸ್‌ವರ್ಡನ್ನು ಇಟ್ಟುಕೊಳ್ಳುವ ಬದಲು, ಅದನ್ನು ಒಂದು ಗಣಿತದ ಬೀಸುಕಲ್ಲಿಗೆ ಹಾಕಿ ಹಿಟ್ಟನ್ನಷ್ಟೇ ಇಟ್ಟುಕೊಂಡರು. ಅದೇ ರಾಗಿ ಹಾಕಿದರೆ ಅದೇ ಹಿಟ್ಟು ಬರುತ್ತದೆ, ಹೋಲಿಸಿ ನೋಡಬಹುದು. ಹಿಟ್ಟಿನಿಂದ ಮಾತ್ರ ರಾಗಿ ಬಾರದು. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್‌ನಲ್ಲಿ ಇದನ್ನು ಇನ್ನಷ್ಟು ಗಟ್ಟಿ ಮಾಡಿ, 1979ರಲ್ಲಿ ಅದರ ಕತೆಯನ್ನು ಪ್ರಬಂಧವಾಗಿ ಬರೆದರು. ಒಬ್ಬೊಬ್ಬರ ಹಿಟ್ಟಿಗೂ ಬೇರೆಬೇರೆ ಚಿಟಿಕೆ ಬೆರೆಸುವ ಕ್ರಮಕ್ಕೆ ಅವರಿಟ್ಟ ಹೆಸರೇ ‘ಉಪ್ಪು’. ಅಲ್ಲಿಗೆ ಯಂತ್ರ ನಡೆಸುವವರಿಗೂ ನಿಮ್ಮ ಪಾಸ್‌ವರ್ಡ್ ಗೊತ್ತಿಲ್ಲ ಎಂಬ ಸ್ಥಿತಿ ಬಂತು. ಮರೆತವರ ಪಾಲಿಗೆ ಇದು ಸಣ್ಣ ಬದಲಾವಣೆಯಲ್ಲ: ಹಳೆಯದನ್ನು ನೆನಪಿಸಿಕೊಡುವವರು ಇನ್ನಿಲ್ಲ, ಹೊಸದನ್ನು ಹಾಕಿಕೊಡುವವರು ಮಾತ್ರ ಇದ್ದಾರೆ. ತಿಳಿಯುವ ಅಧಿಕಾರ ಹೋಯಿತು, ಬದಲಿಸುವ ಅಧಿಕಾರ ಉಳಿಯಿತು. ಯುನಿಕ್ಸ್‌ನ ಯಜಮಾನನಾದ ‘ರೂಟ್’ ತಾನೇ ಮರೆತರೆ? ಯಂತ್ರದ ಮುಂದೆ ಕೂತು, ಒಬ್ಬನೇ ಬಳಸುವ ಸ್ಥಿತಿಯಲ್ಲಿ ಅದನ್ನು ಎಬ್ಬಿಸಿ, ಹೊಸ ಪದ ಹಾಕುವುದು. ಯಂತ್ರವಿರುವ ಕೋಣೆಯೊಳಗೆ ಬರಲು ಸಾಧ್ಯವಾದವನೇ ಒಡೆಯ ಎಂಬ ನಂಬಿಕೆ ಇದರ ಹಿಂದಿತ್ತು.

ಅದೇ ನಂಬಿಕೆ ಮನೆಯ ಕಂಪ್ಯೂಟರಿಗೂ ಇಳಿದು ಬಂತು, ರಿಪೇರಿ ಅಂಗಡಿಯವರ ಒಂದು ತಲೆಮಾರನ್ನು ಸಾಕಿತು. ವಿಂಡೋಸ್ 95 ಮತ್ತು 98ರ ಲಾಗಿನ್ ಪೆಟ್ಟಿಗೆಯನ್ನು ಎಸ್ಕೇಪ್ ಕೀ ಒತ್ತಿ ದಾಟಿಹೋಗಬಹುದಿತ್ತು. ಅದು ಬಾಗಿಲೂ ಅಲ್ಲ, ಬಾಗಿಲಿಗೆ ಬಿಟ್ಟ ಪರದೆ. ವಿಂಡೋಸ್ ಎನ್‌ಟಿ ವಂಶದಲ್ಲಿ ಬಾಗಿಲೇನೋ ನಿಜವಾದದ್ದು, ಆದರೆ ಅದರ ಬೀಗ ‘ಸ್ಯಾಮ್’ ಎಂಬ ಕಡತದಲ್ಲಿ ಅದೇ ಡಿಸ್ಕಿನ ಮೇಲಿರುತ್ತಿತ್ತು. ಪೆಟರ್ ನೊರ್ಡಾಲ್-ಹಾಗೆನ್ 1990ರ ದಶಕದ ಕೊನೆಗೆ ಬಿಟ್ಟ ಪುಟ್ಟ ತಂತ್ರಾಂಶವನ್ನು ಫ್ಲಾಪಿಗೆ ಹಾಕಿ, ಯಂತ್ರವನ್ನು ಅದರಿಂದಲೇ ಬೂಟ್ ಮಾಡಿದರೆ, ಆ ಕಡತದಲ್ಲಿ ಪಾಸ್‌ವರ್ಡಿನ ಜಾಗವನ್ನು ಖಾಲಿ ಮಾಡಿಬಿಡುತ್ತಿತ್ತು. ಹಳೆಯ ಪದವೇ ಬೇಕೆನ್ನುವವರಿಗೆ ಬೇರೆ ದಾರಿ. ವಿಂಡೋಸ್‌ನ ಹಳೆಯ ‘ಎಲ್‌ಎಂ’ ಕ್ರಮ ಅಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡಿ, ಏಳೇಳರ ಎರಡು ತುಂಡಾಗಿ ಬೀಸುತ್ತಿತ್ತು, ಉಪ್ಪೂ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಫಿಲಿಪ್ ಊಕ್ಸ್‌ಲಿನ್ 2003ರಲ್ಲಿ ಮೊದಲೇ ಲೆಕ್ಕ ಹಾಕಿಟ್ಟ 1.4 ಗಿಗಾಬೈಟಿನ ಕೋಷ್ಟಕಗಳನ್ನು ಬಳಸಿ, ಅಕ್ಷರ-ಅಂಕಿಗಳ ಇಂಥ ಪಾಸ್‌ವರ್ಡುಗಳಲ್ಲಿ ಶೇ 99.9ರಷ್ಟನ್ನು ತಲಾ 13.6 ಸೆಕೆಂಡಿನಲ್ಲಿ ಬಿಡಿಸಬಹುದೆಂದು ತೋರಿಸಿದ. ಎರಡು ಸಿ.ಡಿ. ಸಾಕಿತ್ತು. ಇನ್ನು ಯಂತ್ರ ಏಳುವಾಗಲೇ ಕೇಳುವ ಬಯೋಸ್ ಪಾಸ್‌ವರ್ಡಿಗೆ, ಮದರ್‌ಬೋರ್ಡಿನಲ್ಲಿ ಕೂತ ನಾಣ್ಯದಂಥ ಸಿಆರ್ 2032 ಸೆಲ್ಲನ್ನು ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ ಮರೆವು ಬರುತ್ತಿತ್ತು. ಮನುಷ್ಯ ಮರೆತದ್ದಕ್ಕೆ ಯಂತ್ರಕ್ಕೂ ಮರೆಸುವ ಮದ್ದು! ಲ್ಯಾಪ್‌ಟಾಪಿನವರು ಮಾತ್ರ ಮೊದಲಿನಿಂದಲೂ ಬಿಗಿ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡನ್ನೇ ಬದಲಿಸಬೇಕು ಎಂದು ಅದರ ಕೈಪಿಡಿಯೇ ಹೇಳುತ್ತಿತ್ತು. ಎತ್ತಿಕೊಂಡು ಓಡಬಹುದಾದ ಯಂತ್ರಕ್ಕೆ ‘ಕೋಣೆಯೊಳಗೆ ಬಂದವನೇ ಒಡೆಯ’ ಎಂಬ ನ್ಯಾಯ ಸಲ್ಲದು ಎಂಬ ಅರಿವು ಅಲ್ಲಿ ಮೊದಲೇ ಇತ್ತು.

ತಿರುವು ಬಂದದ್ದು ಬೀಗ ಬಾಗಿಲನ್ನು ಬಿಟ್ಟು ಒಳಗಿನ ವಸ್ತುವಿಗೇ ಅಂಟಿಕೊಂಡಾಗ. ವಿಂಡೋಸ್ 2000ದಲ್ಲಿ ಕಡತಗಳನ್ನು ಗೂಢಲಿಪಿಗೆ ತಿರುಗಿಸಿಡುವ ಸೌಲಭ್ಯ ಬಂತು. ಬಿಡಿ ಯಂತ್ರಗಳಲ್ಲಿ ಅದರ ಎರಡನೇ ಕೀಲಿಕೈ ತಾನಾಗಿಯೇ ಅಡ್ಮಿನಿಸ್ಟ್ರೇಟರ್ ಖಾತೆಗೆ ಹೋಗುತ್ತಿತ್ತು. ಆ ಖಾತೆಯ ಪಾಸ್‌ವರ್ಡನ್ನು ಫ್ಲಾಪಿಯಿಂದ ಅಳಿಸಿದವರಿಗೆ ಎಲ್ಲವೂ ತೆರೆಯುತ್ತಿದ್ದುದರಿಂದ, ಎಕ್ಸ್‌ಪಿ ಬಂದಾಗ ಆ ಏರ್ಪಾಡನ್ನು ತೆಗೆದರು. ಸರಿಯಾದ ತೀರ್ಮಾನವೇ. ಆದರೆ ಪರಿಣಾಮ ನೋಡಿ: ಎಕ್ಸ್‌ಪಿಯಲ್ಲಿ ಹಳೆಯ ಪದ ಕೊಟ್ಟು ಹೊಸದಕ್ಕೆ ಬದಲಿಸಿಕೊಂಡರೆ ತೊಂದರೆಯಿಲ್ಲ, ಹೊರಗಿನಿಂದ ಅಳಿಸಿ ಒಳನುಗ್ಗಿದರೆ ಡೆಸ್ಕ್‌ಟಾಪ್ ಬರುತ್ತದೆ, ಗೂಢಲಿಪಿಯ ಕಡತಗಳು ಮಾತ್ರ ಹೆಸರು ಕಾಣಿಸಿಕೊಂಡು ತೆರೆಯದೆ ಕೂರುತ್ತವೆ. ಅವನ್ನು ಬಿಡಿಸುವ ಕೀಲಿಯೇ ಹಳೆಯ ಪಾಸ್‌ವರ್ಡಿನಿಂದ ಹುಟ್ಟಿದ್ದು. ಯಂತ್ರದೊಳಗೆ ಪ್ರವೇಶ, ದತ್ತಾಂಶಕ್ಕೆ ಪ್ರವೇಶ ಎರಡೂ ಒಂದೇ ಅಲ್ಲ ಎಂಬುದು ಸಾಮಾನ್ಯರಿಗೆ ಮೊದಲು ತಟ್ಟಿದ್ದು ಹೀಗೆ. ಮುಂದೆ ಇಡೀ ಡಿಸ್ಕಿಗೇ ಇದು ಹಬ್ಬಿತು: 2007ರ ವಿಸ್ಟಾದ ಬಿಟ್‌ಲಾಕರ್, 2011ರಲ್ಲಿ ಮ್ಯಾಕ್‌ಗಳ ಎರಡನೇ ಫೈಲ್‌ವಾಲ್ಟ್. ಪುರಿಯ ಜಗನ್ನಾಥ ದೇವಸ್ಥಾನದ ರತ್ನ ಭಂಡಾರದ ಒಳಕೋಣೆಯ ಕೀಲಿಕೈ 2018ರಲ್ಲಿ ಸಿಗದೆ ದೊಡ್ಡ ಗದ್ದಲವಾಯಿತು. 2024ರ ಜುಲೈನಲ್ಲಿ ಬೀಗ ಒಡೆದೇ ಒಳಗೆ ಹೋದರು, ಒಡವೆ ಒಡವೆಯಾಗಿಯೇ ಇತ್ತು. ಗೂಢಲಿಪಿಯ ಡಿಸ್ಕಿನಲ್ಲಿ ಬೀಗ ಒಡೆಯುವ ಮಾತೇ ಇಲ್ಲ. ಕೀಲಿ ಇಲ್ಲದವರಿಗೆ ಅದರೊಳಗಿನ ಬಂಗಾರವೂ ಬೂದಿಯಂತೆಯೇ ಕಾಣುತ್ತದೆ.

ಇಷ್ಟಕ್ಕೆಲ್ಲ ಬಳಸುವವರ ಅಜಾಗರೂಕತೆಯೇ ಕಾರಣ, ಒಂದು ಪದ ನೆನಪಿಡಲಾಗದವರಿಗೆ ಯಾರೇನು ಮಾಡಲು ಸಾಧ್ಯ ಎಂಬ ಆಕ್ಷೇಪವಿದೆ. ಪುರಾವೆಗಳು ಇದನ್ನು ಒಪ್ಪುವುದಿಲ್ಲ. ಮಾರಿಸ್ ಮತ್ತು ಥಾಂಪ್ಸನ್ ಸಂಗ್ರಹಿಸಿದ 3,289 ಪಾಸ್‌ವರ್ಡುಗಳಲ್ಲಿ 2,831, ಅಂದರೆ ಶೇ 86ರಷ್ಟು, ತೀರ ಚಿಕ್ಕವು ಇಲ್ಲವೇ ನಿಘಂಟು, ಹೆಸರುಪಟ್ಟಿಗಳಲ್ಲಿ ಸಿಗುವಂಥವು. 15 ಮಂದಿಯದು ಒಂದೇ ಒಂದು ಅಕ್ಷರ. ಇವರು ಕಂಪ್ಯೂಟರಿಗೆ ಹೊಸಬರೇನಲ್ಲ, ಆ ಕಾಲದ ಯುನಿಕ್ಸ್ ಬಳಕೆದಾರರು. ನೆನಪಿಗೆ ಸಿಗುವುದು ಕಳ್ಳನಿಗೂ ಸಿಗುತ್ತದೆ, ಕಳ್ಳನಿಗೆ ಸಿಗದ್ದು ನೆನಪಿಗೂ ಸಿಗುವುದಿಲ್ಲ. ಪಾಸ್‌ವರ್ಡನ್ನು ಕಂಪ್ಯೂಟರಿಗೆ ತಂದ ಕೊರ್ಬಾಟೊ ಅವರೇ 2014ರಲ್ಲಿ, ಇದೊಂದು ದುಃಸ್ವಪ್ನವಾಗಿಬಿಟ್ಟಿದೆ ಎಂದು ಪತ್ರಿಕೆಯೊಂದಕ್ಕೆ ಹೇಳಿ, ತಮ್ಮ ಪಾಸ್‌ವರ್ಡುಗಳನ್ನು ಟೈಪು ಮಾಡಿಟ್ಟ ಹಾಳೆಗಳಿವೆ ಎಂದು ಒಪ್ಪಿಕೊಂಡರು. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಡಿಸ್ಕಿಗೆ ಗೂಢಲಿಪಿ ಇಲ್ಲದಿದ್ದರೆ ಲ್ಯಾಪ್‌ಟಾಪ್ ಕದ್ದವನಿಗೆ ಎಲ್ಲವೂ ಸಿಗುತ್ತದೆ. 2006ರಲ್ಲಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ನೌಕರನೊಬ್ಬನ ಮನೆಯಿಂದ ಕಳುವಾದ ಸಲಕರಣೆಯಲ್ಲಿ ಸುಮಾರು 2.65 ಕೋಟಿ ಜನರ ವಿವರಗಳಿದ್ದವು. ಇದನ್ನು ಅಲ್ಲಗಳೆಯುವಂತಿಲ್ಲ; ಹಳೆಯ ಫ್ಲಾಪಿಯ ಕಾಲ ಒಡೆಯನಷ್ಟೇ ಸಲೀಸಾಗಿ ಕಳ್ಳನಿಗೂ ಬಾಗಿಲು ತೆರೆದಿತ್ತು. ನನ್ನ ತಕರಾರು ಗೂಢಲಿಪಿಯ ಬಗ್ಗೆ ಅಲ್ಲ. ಆ ಬೀಗ ಬೀಳುವಾಗ ಎರಡನೇ ಕೀಲಿಕೈಯ ಮಾತನ್ನು ಮನೆಯವರಿಗೆ ಕಿವಿಗೆ ಬೀಳುವಂತೆ ಯಾರೂ ಹೇಳಲಿಲ್ಲ ಎಂಬುದರ ಬಗ್ಗೆ.

2012ರ ವಿಂಡೋಸ್ 8ರಿಂದ ಲ್ಯಾಪ್‌ಟಾಪಿಗೆ ಕಂಪನಿಯ ಆನ್‌ಲೈನ್ ಖಾತೆಯಿಂದಲೇ ಲಾಗಿನ್ ಆಗುವ ಪದ್ಧತಿ ಬಂತು. ಮರುವರ್ಷದ 8.1ರಲ್ಲಿ, ತಕ್ಕ ಯಂತ್ರಾಂಶವಿದ್ದರೆ, ಹಾಗೆ ಲಾಗಿನ್ ಆದೊಡನೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ತಿರುಗಿ, ಎರಡನೇ ಕೀಲಿ ಆ ಖಾತೆಗೆ ಹೋಗಿ ಸೇರುತ್ತಿತ್ತು. ಅನುಕೂಲ ನಿಜ: ಫೋನಿನಲ್ಲೇ ಹೊಸ ಪಾಸ್‌ವರ್ಡ್ ಪಡೆಯಬಹುದು. ಆದರೆ ಸರಪಣಿ ಎಲ್ಲಿಗೆ ಹೋಗಿ ನಿಂತಿದೆ? ಲ್ಯಾಪ್‌ಟಾಪ್ ತೆರೆಯಲು ಖಾತೆ, ಖಾತೆ ತೆರೆಯಲು ಓಟಿಪಿ, ಓಟಿಪಿಗೆ ಸಿಮ್. ನಮ್ಮಲ್ಲಿ 90 ದಿನ ಬಳಸದೆ ಬಿಟ್ಟ ಪ್ರೀಪೇಯ್ಡ್ ಸಿಮ್ ರದ್ದಾಗಬಹುದು, ಆ ನಂಬರು ಮುಂದೆ ಬೇರೆಯವರಿಗೂ ಹೋಗಬಹುದು. ದುಬೈಗೋ ಡಲ್ಲಾಸಿಗೋ ಹೋಗಿ ಊರಿನ ಸಿಮ್ಮಿಗೆ ರೀಚಾರ್ಜ್ ಮಾಡದೆ ಬಿಟ್ಟ ಕನ್ನಡಿಗನ ಎರಡನೇ ಕೀಲಿಕೈ ಹೀಗೆ ಅಪರಿಚಿತರ ಜೇಬು ಸೇರಬಹುದು. ಬೆರಳಚ್ಚು ಬಂದ ಮೇಲೆ ಈ ತಾಪತ್ರಯವೆಲ್ಲ ಮುಗಿಯಿತಲ್ಲ ಎನ್ನುವವರಿದ್ದಾರೆ. ಬೆರಳು ಪಾಸ್‌ವರ್ಡನ್ನು ತೆಗೆದುಹಾಕುವುದಿಲ್ಲ, ಅದರ ಮೇಲೆ ಮುಸುಕು ಹಾಕುತ್ತದೆ. ಆರಿಸಿ ಹಚ್ಚಿದ ಮ್ಯಾಕ್ ಮೊದಲು ಪಾಸ್‌ವರ್ಡನ್ನೇ ಕೇಳುತ್ತದೆ. ದಿನವೂ ಬೆರಳೊತ್ತಿ ಅಭ್ಯಾಸವಾದವರಿಗೆ ಅದು ಮರೆಯುವ ಸಂಭವವೇ ಹೆಚ್ಚು. ಹಾಗಾದರೆ ಕೀಲಿಯನ್ನು ಸರ್ಕಾರದಂಥ ಮೂರನೆಯವರ ಬಳಿ ಇಟ್ಟರೆ? ಅಮೆರಿಕ 1993ರಲ್ಲಿ ‘ಕ್ಲಿಪ್ಪರ್’ ಎಂಬ ಚಿಪ್ಪಿನ ಮೂಲಕ ಅದನ್ನೇ ಮಾಡಲು ಹೊರಟಿತ್ತು. ಮರುವರ್ಷ ಮ್ಯಾಟ್ ಬ್ಲೇಜ್ ಅದರ ದೋಷವನ್ನು ಬಯಲಿಗೆಳೆದರು, ಕೆಲವೇ ವರ್ಷಗಳಲ್ಲಿ ಯೋಜನೆ ಮೂಲೆ ಸೇರಿತು. ಕಂಪನಿಯ ಕೈಯಲ್ಲಿ ಕೀಲಿಯಿದ್ದರೆ ಕೋರ್ಟಿನ ಆದೇಶ ಹಿಡಿದು ಬಂದವರಿಗೂ ಅದು ಸಿಗುತ್ತದೆ ಎಂಬ ಆತಂಕ ಇಂದಿಗೂ ಉಳಿದೇ ಇದೆ.

ಉಳಿಯುವುದು ಹಳೆಯ ದಾರಿಯೇ: ಎರಡನೇ ಕೀಲಿಕೈ ಮನೆಯಲ್ಲೇ, ಯಂತ್ರದಿಂದ ಬೇರೆ ಜಾಗದಲ್ಲಿ, ಕಾಗದದ ಮೇಲೆ. ಬಿಟ್‌ಲಾಕರಿನ ರಿಕವರಿ ಕೀಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. 48 ಅಂಕಿಗಳು, ಆರಾರು ಅಂಕಿಯ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗುವಂತೆ ಹೊಂದಿಸಿದ್ದಾರೆ, ಹಾಗಾಗಿ ಊರಿನಿಂದ ಅಪ್ಪ ಫೋನಿನಲ್ಲಿ ಓದಿ ಹೇಳುವಾಗ ಒಂದು ಅಂಕಿ ತಪ್ಪಿದರೆ ತಪ್ಪಿದ್ದು ಯಾವ ಗುಂಪಿನಲ್ಲಿ ಎಂದು ಅಲ್ಲಿಯೇ ಗೊತ್ತಾಗುತ್ತದೆ. ಕಾಗದದಲ್ಲಿ ಬರೆದಿಟ್ಟು ಬಾಯಲ್ಲಿ ಓದಿ ಹೇಳುವವರನ್ನು ನೆನೆದೇ ಯಾರೋ ಮಾಡಿದ ಲೆಕ್ಕ ಇದು. ಪಹಣಿ, ಎಲ್‌ಐಸಿ ಬಾಂಡು, ಮಾರ್ಕ್ಸ್‌ಕಾರ್ಡುಗಳಿರುವ ಪ್ಲಾಸ್ಟಿಕ್ ಕವರಿನಲ್ಲಿ ಈ ಹಾಳೆಗೂ ಜಾಗವಾಗುತ್ತದೆ. ಬಿಟ್‌ಲಾಕರನ್ನು ನಾವೇ ಹಾಕಿಕೊಳ್ಳುವಾಗ ಈ ಕೀಯನ್ನು ಅದೇ ಡಿಸ್ಕಿನಲ್ಲಿ ಉಳಿಸಲು ಹೋದರೆ ವಿಂಡೋಸ್ ಒಪ್ಪುವುದಿಲ್ಲ, ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಡಬೇಡಿ ಎಂದು ತಡೆಯುತ್ತದೆ. ಮುದ್ರಿಸಿಕೊಳ್ಳಿ ಎಂಬ ಇನ್ನೊಂದು ಆಯ್ಕೆ ಪಕ್ಕದಲ್ಲೇ ಇದೆ. ಮನೆಯಲ್ಲಿ ಪ್ರಿಂಟರ್ ಇಲ್ಲದವರು ಅದನ್ನು ಒತ್ತಿ, ಪಿಡಿಎಫ್ ಮಾಡಿ, ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನ ಮೇಲೆ ಉಳಿಸಿಕೊಳ್ಳುತ್ತಾರೆ.