ಎರಿ ಮಣ್ಣಿನ ದಾರಿಗೆ ಲಿಲಾವಿನ ಜೀಪು

ಕರ್ನಾಟಕದ ಗಡಿಗೆ ಹತ್ತಿದ ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಕುರನೂರಿನ ಸುತ್ತಮುತ್ತ ರೈತರ ಕಣ್ಣೆಲ್ಲ ಹಿಂಗಾರಿ ಮಳೆಯ ಮೇಲೆ. ಉತ್ತರಿ, ಹಸ್ತ ಮಳೆ ಸರಿಯಾಗಿ ಹಿಡಿದರೆ ಬಿಳಿಜೋಳಕ್ಕೆ ಹದ. ಬಿತ್ತಿಗೆಗೆ ಹದವಾದ ಅದೇ ಎರಿ ಮಣ್ಣು ದಾರಿಗೆ ಮಾತ್ರ ಕೇಡು. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ. ಸೊಲ್ಲಾಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550 ಮಿ.ಮೀ. ಮಳೆ. ಅಷ್ಟೇ ಮಳೆ ಸಾಕು, ಗಾಡಿ ಹೂಳುವುದಕ್ಕೆ. ಟೈರಿನ ಗೆರೆಗಳೊಳಗೆ ಮಣ್ಣು ತುಂಬಿ ಟೈರು ನುಣ್ಣಗಾಗುತ್ತದೆ. ಆಮೇಲೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಟ್ಟಿಯಾಗಿ ಕೂತು ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಇಳಿದು ಕಟ್ಟಿಗೆಯಿಂದಲೋ ಕುರ್ಚಿಗಿಯಿಂದಲೋ ಮಣ್ಣು ಕೆದರಿ ತೆಗೆದರೆ ಇನ್ನೊಂದು ನೂರು ಮಾರು ಮುಂದೆ ಹೋಗಬಹುದು.

ಈ ಸೀಮೆಯ ಜನ ಗಾಡಿಯ ದಮ್ಮು ನೋಡಿದ್ದು ಇಂಥ ದಾರಿಯಲ್ಲಿ. ಡಾಂಬರಿನ ಮೇಲೆ ಎಷ್ಟು ಓಡುತ್ತದೆ ಎಂಬುದು ಇತ್ತೀಚಿನ ಪ್ರಶ್ನೆ. ಹೊಲದಿಂದ ತುಂಬಿಕೊಂಡು ಹೊರಟರೆ ಎತ್ತು ಕಟ್ಟಿ ಎಳೆಸದೆ ಊರು ಮುಟ್ಟುತ್ತದೆಯೇ ಎಂಬುದು ಹಳೆಯದು. ಅದಕ್ಕೆ ಒದಗಿದ ಬಲವಾದ ಗಾಡಿಯನ್ನು ಹೊಸದಾಗಿ ಕೊಳ್ಳುವ ಶಕ್ತಿ ಬಹುಪಾಲು ಜನರಿಗೆ ಇರಲಿಲ್ಲ. ಬೇರೆಯವರು ಬಳಸಿ ಬಿಟ್ಟದ್ದನ್ನು ಲಿಲಾವಿನಲ್ಲಿ ಹಿಡಿದು, ಮಿಸ್ತ್ರಿಯ ಕೈಗೆ ಕೊಟ್ಟು, ತಮ್ಮ ನೆಲಕ್ಕೆ ತಕ್ಕಂತೆ ಮಾಡಿಸಿಕೊಂಡರು. ಹಳೆ ಗಾಡಿ ಕೊಂಡು ಬದಲಾಯಿಸುವ ಈ ರೂಢಿಗೆ ಮುಕ್ಕಾಲು ಶತಮಾನದ ಚರಿತ್ರೆಯಿದೆ.

ರೈಲು ಇಲ್ಲಿಗೆ ಬೇಗನೆ ಬಂತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1860ರಲ್ಲಿ ಸೊಲ್ಲಾಪುರ ಮುಟ್ಟಿತು, 1871ರ ಹೊತ್ತಿಗೆ ರಾಯಚೂರಿನವರೆಗೂ ಹೋಯಿತು. 1884ರಲ್ಲಿ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಸಣ್ಣ ಹಳಿಯ ದಾರಿ ತೆರೆಯಿತು. ಆದರೆ ಅಕ್ಕಲಕೋಟ ರೋಡ್ ಎಂಬ ಸ್ಟೇಶನ್ನಿನಿಂದ ಅಕ್ಕಲಕೋಟ ಊರು ಹತ್ತು ಕಿಲೋಮೀಟರಿನಷ್ಟು ದೂರ. ಸ್ಟೇಶನ್ನಿನಿಂದಾಚೆ ಎಲ್ಲವೂ ಚಕ್ಕಡಿಯ ದಾರಿ. ಕಬ್ಬಿಣದ ಪಟ್ಟಿ ಬಡಿದ ಗಾಲಿಗಳು ಮಳೆಗಾಲದಲ್ಲಿ ಎರಿ ಮಣ್ಣನ್ನು ಕೊರೆದು ಆಳವಾದ ಜಾಡು ಬೀಳಿಸುತ್ತಿದ್ದವು, ಬಿಸಿಲಿಗೆ ಆ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಎರಡು ಜಾಡುಗಳ ನಡುವಿನ ದಿಬ್ಬಕ್ಕೆ ತಳ ತಾಗದ ಗಾಡಿಗಷ್ಟೇ ಅಲ್ಲಿ ದಾರಿ. ಭೋಸಲೆ ಮನೆತನದ ಅಕ್ಕಲಕೋಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿ ಸರ್ಕಾರದ ಮೊದಲ ಎಸ್.ಟಿ. ಬಸ್ಸು ಪುಣೆಯಿಂದ ಅಹಮದನಗರಕ್ಕೆ ಓಡಿದ್ದೂ ಅದೇ ವರ್ಷದ ಜೂನ್ 1ರಂದು. ಒಳಗಿನ ಹಳ್ಳಿಗಳಿಗೆ ಬಸ್ಸು ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಆ ಕೊರತೆಯನ್ನು ತುಂಬಿದ್ದು ಎರಡನೆಯ ಮಹಾಯುದ್ಧ ಬಿಟ್ಟುಹೋದ ಜೀಪು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಯುದ್ಧಕಾಲದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. ಸುಮಾರು ಒಂದು ಟನ್ ತೂಕ, 2.2 ಲೀಟರಿನ ಪೆಟ್ರೋಲ್ ಎಂಜಿನ್ನು, 60 ಅಶ್ವಶಕ್ತಿ, ನಾಲ್ಕೂ ಗಾಲಿಗೆ ಎಳೆತ. ಯುದ್ಧ ಮುಗಿದ ಮೇಲೆ ಇವು ‘ಡಿಸ್ಪೋಸಲ್’ ಮಾಲಾಗಿ ಲಿಲಾವಿಗೆ ಬಂದವು. ಅಮೆರಿಕದ ರೈತರು ಇದೇ ಜೀಪಿಗೆ ನೇಗಿಲು ಕಟ್ಟಿದರು. ಫಿಲಿಪೀನ್ಸಿನ ಜನ ಹಿಂಭಾಗ ಉದ್ದ ಮಾಡಿ ಎದುರುಬದುರು ಬಾಕು ಹಾಕಿ ಜೀಪ್ನಿ ಮಾಡಿಕೊಂಡರು. ನಮ್ಮಲ್ಲಿ 1945ರಲ್ಲಿ ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ ದೇಶ ವಿಭಜನೆಯ ನಂತರ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಬಿಡಿಭಾಗ ತರಿಸಿ ಮುಂಬಯಿಯ ಮಜಗಾಂವಿನಲ್ಲಿ ಜೀಪು ಜೋಡಿಸಿತು. ಇದರಿಂದ ಹಳೆ ಡಿಸ್ಪೋಸಲ್ ಜೀಪು ಕೊಂಡವನಿಗೂ ಸಾಮಾನು ಸಿಗುವಂತಾಯಿತು. ಹಳ್ಳಿಯವನು ಗಾಡಿ ಆರಿಸುವಾಗ ಸಾಮಾನು ಸಿಗುತ್ತದೆಯೇ ಎಂಬುದನ್ನೇ ಮೊದಲು ಕೇಳುತ್ತಾನೆ, ಅದು ಇವತ್ತಿಗೂ ಬದಲಾಗಿಲ್ಲ.

ಸರ್ಕಾರವೂ ಜೀಪಿನ ದೊಡ್ಡ ಗಿರಾಕಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕ್ ಕಚೇರಿಗಳ ಮುಂದೆ ಜೀಪು ನಿಂತವು. ಬಿ.ಡಿ.ಒ. ಸಾಹೇಬರ ಜೀಪು ಓಡಿ ಓಡಿ ಸವೆದು ‘ಕಂಡಮ್’ ಆದಾಗ ಲಿಲಾವು. ಪಾಟೀಲರು, ಗೌಡರು, ಅಡತಿ ಅಂಗಡಿಯವರು, ಸಕ್ಕರೆ ಕಾರ್ಖಾನೆಯ ಗುತ್ತಿಗೆದಾರರು ಅದನ್ನು ಹಿಡಿಯುತ್ತಿದ್ದರು. ಅಲ್ಲಿಂದ ಅದು ಸೀದಾ ಗ್ಯಾರೇಜಿಗೆ.

ಜೀಪು ಬಂತು ಎಂದರೆ ರಸ್ತೆ ಬಂತು ಎಂದಲ್ಲ. ಈ ಭಾಗದ ಅನೇಕ ಹಳ್ಳಿ ರಸ್ತೆಗಳ ಹುಟ್ಟು ಬರಗಾಲದಲ್ಲಿದೆ, ಅದನ್ನು ನೆನೆಯದೆ ಇಲ್ಲಿಯ ಗಾಡಿಯ ಕಥೆ ಹೇಳಲಾಗದು. 1972ರ ಬರ ಸೊಲ್ಲಾಪುರ ಜಿಲ್ಲೆಯನ್ನು ಹಿಂಡಿತು. ಮಹಾರಾಷ್ಟ್ರ ಸರ್ಕಾರ ತೆರೆದ ಬರ ಪರಿಹಾರ ಕಾಮಗಾರಿಗಳಲ್ಲಿ ಲಕ್ಷಾಂತರ ಜನ ಕೆರೆ ತೋಡಿದರು, ಬದು ಹಾಕಿದರು, ಖಡಿ ಒಡೆದರು. ಮಾರುಗಟ್ಟಲೆ ಖಡಿ ಒಡೆದು ದಾರಿಗೆ ಹಾಸಿದವರಲ್ಲಿ ಹೆಂಗಸರೇ ಬಹಳ. ಸಾಂಗಲಿ ಜಿಲ್ಲೆಯ ವಿ.ಎಸ್. ಪಾಗೆ ಅವರ ಕಲ್ಪನೆಯ ಉದ್ಯೋಗ ಖಾತ್ರಿ ಯೋಜನೆ ಇದೇ ಕಾಲದಲ್ಲಿ ರಾಜ್ಯವ್ಯಾಪಿಯಾಯಿತು, ಮುಂದೆ ಕಾನೂನೂ ಆಯಿತು. ಹೀಗೆ ಬಿದ್ದ ರಸ್ತೆಗಳಿಗೆ ಖಡಿ ಇತ್ತು, ಡಾಂಬರು ಇರಲಿಲ್ಲ. ಎರಿ ಮಣ್ಣು ಉಬ್ಬಿದಾಗ ಖಡಿ ಒಳಗೆ ಇಳಿಯುತ್ತಿತ್ತು, ಒಣಗಿದಾಗ ಕಿತ್ತು ಮೇಲೆ ನಿಲ್ಲುತ್ತಿತ್ತು. ಹೂಳುವ ದಾರಿಯ ಜೊತೆಗೆ ಕುಲುಕುವ ದಾರಿಯೂ ಸೇರಿತು. ಆ ಕುಲುಕಾಟವೇ ಮಿಸ್ತ್ರಿಗಳಿಗೆ ಪಾಠ ಕಲಿಸಿತು.

ಮೊದಲ ಕೆಲಸ ಪಾಟಾದ್ದು. ಜೀಪಿನ ನಾಲ್ಕೂ ಗಾಲಿಯ ಮೇಲೆ ಪಾಟಾ, ಅಂದರೆ ಒಂದರ ಮೇಲೊಂದು ಪೇರಿಸಿದ ಬಿಲ್ಲಿನಂಥ ಉಕ್ಕಿನ ಪಟ್ಟಿಗಳು. ಮಿಸ್ತ್ರಿ ಗಾಡಿಯನ್ನು ಜಾಕಿಗೆ ಏರಿಸಿ, ಯು ಕ್ಲಾಂಪು ಸಡಿಲಿಸಿ, ನಡುವಿನ ಬೋಲ್ಟು ತೆಗೆದು ಪಟ್ಟಿಗಳನ್ನು ಬಿಡಿಸುತ್ತಾನೆ. ಕೆಳಗಿನಿಂದ ಒಂದೋ ಎರಡೋ ಪಟ್ಟಿ ಹೆಚ್ಚಿಗೆ ಕೊಡುತ್ತಾನೆ, ಇಲ್ಲವೆ ಹಳೆಯದನ್ನೇ ಕುಲುಮೆಯಲ್ಲಿ ಕಾಯಿಸಿ, ಬಾಗು ಏರಿಸಿ, ಮತ್ತೆ ಹದ ಹಿಡಿಸುತ್ತಾನೆ. ಗಾಡಿ ಎರಡು ಇಂಚು ಎತ್ತರ ನಿಲ್ಲುತ್ತದೆ. ಪಟ್ಟಿ ಹೆಚ್ಚಾದರೆ ಖಾಲಿ ಗಾಡಿ ಕುಣಿಯುತ್ತದೆ, ಕಡಿಮೆಯಾದರೆ ತುಂಬಿದ ಗಾಡಿ ಕೂತುಬಿಡುತ್ತದೆ. ಯಾರ ಗಾಡಿಗೆ ಎಷ್ಟು ಪಾಟಾ ಎಂಬುದು ಅವನು ಏನು ಹೇರುತ್ತಾನೆ ಎಂಬುದರ ಮೇಲೆ ನಿಂತ ಲೆಕ್ಕ. ಈ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. ಎಂಜಿನ್ನಿನ ಎಣ್ಣೆ ತೊಟ್ಟಿಯ ಕೆಳಗೆ ದಪ್ಪ ತಗಡು ಬೆಸೆಯುವುದು, ಸೈಲೆನ್ಸರ್ ಮೇಲೆತ್ತಿ ಕಟ್ಟುವುದು, ಮಡ್‌ಗಾರ್ಡಿನ ಅಂಚು ಕತ್ತರಿಸಿ ಮಣ್ಣಿಗೆ ಜಾಗ ಬಿಡುವುದು ಇದರ ಜೊತೆಗೆ ನಡೆಯುವ ಕೆಲಸ.

ಎರಡನೆಯದು ಎಂಜಿನ್ನಿನ ಕೆಲಸ. 1973ರಲ್ಲಿ ಜಗತ್ತಿನ ಎಣ್ಣೆ ಬೆಲೆ ಏರಿದ ಮೇಲೆ ಪೆಟ್ರೋಲ್ ಜೀಪು ಸಾಕುವುದು ದುಬಾರಿಯಾಯಿತು. ಜೀಪಿನ ಎದೆಯಿಂದ ಪೆಟ್ರೋಲ್ ಎಂಜಿನ್ನು ಇಳಿಸಿ ಡೀಸೆಲ್ ಕೂಡಿಸುವ ಕಸುಬು ದೇಶದ ತುಂಬ ಬೆಳೆಯಿತು. ಟ್ರ್ಯಾಕ್ಟರಿನ ಎಂಜಿನ್ನು, ಮ್ಯಾಟಡೋರ್ ವ್ಯಾನಿನ ಎಂಜಿನ್ನು, ಸಿಕ್ಕಿದ್ದನ್ನು ಕೂಡಿಸಿದರು. ಕಷ್ಟವಿದ್ದದ್ದು ಗಿಯರ್ ಬಾಕ್ಸಿಗೆ ಜೋಡಿಸುವುದರಲ್ಲಿ. ಎರಡರ ಬೋಲ್ಟಿನ ತೂತು ಹೊಂದುವುದಿಲ್ಲ. ಲೇಥ್ ಅಂಗಡಿಯಲ್ಲಿ ದಪ್ಪ ತಗಡಿನ ಪ್ಲೇಟು ಕೊರೆಸಿ ನಡುವೆ ಕೊಡಬೇಕು. ಅದು ಕೂದಲೆಳೆಯಷ್ಟು ಸೊಟ್ಟಾದರೂ ಕ್ಲಚ್ಚು, ಬೇರಿಂಗು ಹಾಳು.

ಅಷ್ಟಕ್ಕೆ ಮುಗಿಯಲಿಲ್ಲ. ಮಹೀಂದ್ರ ಜೋಡಿಸಿದ ಹಳೆ ಜೀಪಿನ ಹಿಂದಿನ ಆ್ಯಕ್ಸಲಿನಲ್ಲಿ ಕ್ರೌನ್ ಮತ್ತು ಪಿನಿಯನ್ನಿನ ಅನುಪಾತ 5.38. ಟಾಪ್ ಗಿಯರಿನಲ್ಲಿ ಎಂಜಿನ್ನು 5.38 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. 16 ಇಂಚು ರಿಮ್ಮಿನ ಟೈರು ಒಂದು ಸುತ್ತಿಗೆ ಎರಡೂಕಾಲು ಮೀಟರ್ ಹೋಗುತ್ತದೆ. ಪೆಟ್ರೋಲ್ ಎಂಜಿನ್ನು ನಿಮಿಷಕ್ಕೆ 4,000 ಸುತ್ತಿನವರೆಗೆ ಹೋಗುತ್ತಿದ್ದುದರಿಂದ ತೊಂದರೆಯಿರಲಿಲ್ಲ. ಟ್ರ್ಯಾಕ್ಟರಿನ ಎಂಜಿನ್ನು 2,000ದ ಆಸುಪಾಸಿನಲ್ಲೇ ದಣಿಯುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ 50 ಕಿಲೋಮೀಟರ್ ಬರುತ್ತದೆ, ಅದರ ಮೇಲಿಲ್ಲ. ಕೆಸರಿನಲ್ಲಿ ಆನೆಬಲ, ಸೊಲ್ಲಾಪುರದ ಹೆದ್ದಾರಿಯಲ್ಲಿ ಮಾತ್ರ ಹಿಂದಿನವರ ಹಾರ್ನು ಕೇಳುತ್ತ ಹೋಗಬೇಕು. ಹೆದ್ದಾರಿಯಲ್ಲಿ ಓಡಬೇಕೆಂದವರು ಕ್ರೌನ್–ಪಿನಿಯನ್ ಬದಲಿಸಬೇಕಾಯಿತು. ಅನುಪಾತ 4.27ಕ್ಕೆ ಇಳಿದರೆ ಅದೇ 2,000 ಸುತ್ತಿಗೆ ವೇಗ 63ಕ್ಕೆ ಏರುತ್ತದೆ, ಆದರೆ ಕೆಸರಿನಲ್ಲಿ ಎಳೆತ ಅಷ್ಟರಮಟ್ಟಿಗೆ ಕಡಿಮೆ. ಹೊಲವೋ ಹೆದ್ದಾರಿಯೋ ಎಂದು ಮಾಲಕ ಮೊದಲೇ ತೀರ್ಮಾನಿಸಬೇಕಿತ್ತು. 1980ರ ದಶಕದಲ್ಲಿ ಪ್ಯೂಜೋ ಡೀಸೆಲ್ ಎಂಜಿನ್ನಿನ ಮಹೀಂದ್ರ ಎಂಎಂ540 ಜೀಪು ಬಂದ ಮೇಲೆ ಹಳೆ ಜೀಪುಗಳಿಗೂ ಅದೇ ಎಂಜಿನ್ನನ್ನು ಗಿಯರ್ ಬಾಕ್ಸಿನ ಸಮೇತ ಹಾಕುವುದು ಸುಲಭದ ಹಾದಿಯಾಯಿತು.

ಹೀಗೆ ಗಟ್ಟಿಯಾದ ಜೀಪು, ಅದರ ಹಿಂದೆಯೇ ಬಂದ ಟ್ರ್ಯಾಕ್ಸು, ಕಮಾಂಡರು ವಡಾಪಿಗೆ ಇಳಿದವು. ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರ ಕಡೆ ಸವಾರಿ ತುಂಬಿಕೊಂಡು ಹೋಗುವ ಗಾಡಿಗೆ ವಡಾಪ ಎನ್ನುತ್ತಾರೆ. ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟಕ್ಕೆ ಬಂದವರು ಗಡಿ ದಾಟಿ ಗಾಣಗಾಪುರದ ದತ್ತನಿಗೂ ಹೋಗುತ್ತಾರೆ. ಸಂತೆಯ ದಿನ ಮೈಂದರ್ಗಿ, ದುಧನಿ ಕಡೆಯ ಜನ, ಕಾಯಿಪಲ್ಯದ ಬುಟ್ಟಿ, ಕುರಿಮರಿ ಎಲ್ಲ ಒಂದೇ ಗಾಡಿಯಲ್ಲಿ. ಎಸ್.ಟಿ.ಗೆ ಇದರಿಂದ ನಷ್ಟ, ಪೊಲೀಸರಿಗೆ ಇದು ಅಪರಾಧ. ಚಾಸಿ ಉದ್ದ ಮಾಡಿ, ಹಿಂದೆ ಜೋತುಬಿದ್ದವರನ್ನೂ ಹೊತ್ತು ಓಡಿದ ಗಾಡಿಗಳು ಜೀವ ತೆಗೆದದ್ದೂ ಉಂಟು, ಅದನ್ನು ಮುಚ್ಚಿಡಬಾರದು. ಬಸ್ಸು ಬಾರದ ಊರಿನ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅವೇ.

ಗಡಿ ಇಲ್ಲಿ ಗಾಡಿಯ ಬೆಲೆಯೊಳಗೂ ಬರುತ್ತದೆ. 1989ರ ಜುಲೈ 1ರಿಂದ 1988ರ ಮೋಟಾರು ವಾಹನ ಕಾಯ್ದೆ ಜಾರಿಯಾದ ಮೇಲೆ ಸೊಲ್ಲಾಪುರಕ್ಕೆ ಎಂಎಚ್–13, ವಿಜಾಪುರಕ್ಕೆ ಕೆಎ–28, ಕಲಬುರಗಿಗೆ ಕೆಎ–32. ಬೀಗರು ಆ ಕಡೆ, ಹೊಲ ಈ ಕಡೆ ಇರುವ ಸೀಮೆಯಲ್ಲಿ ವಿಜಾಪುರ ಜಿಲ್ಲೆಯ ಇಂಡಿ ಪಟ್ಟಣದ ಗಾಡಿ ಅಕ್ಕಲಕೋಟಕ್ಕೆ, ಅಕ್ಕಲಕೋಟದ್ದು ಆಳಂದಕ್ಕೆ ಮಾರಾಟವಾಗುವುದು ಸಹಜ. ಕಾನೂನಿಗೆ ಮಾತ್ರ ಅದು ಪರರಾಜ್ಯ. ಮೂಲ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಮಾಡಿಸಿ ಇಲ್ಲಿಯ ತೆರಿಗೆ ಕಟ್ಟಬೇಕು. ಎಂಜಿನ್ ಬದಲಾದ ಜೀಪಾದರೆ ಆರ್‌ಸಿ ಪುಸ್ತಕದ ನಂಬರಿಗೂ ಎಂಜಿನ್ನಿನ ಮೇಲಿನ ನಂಬರಿಗೂ ತಾಳೆಯಾಗದೆ ವ್ಯವಹಾರ ಅಲ್ಲಿಯೇ ನಿಲ್ಲುತ್ತದೆ.

ಓಡುವ ಆಸೆಯುಳ್ಳ ಹೊಸ ತಲೆಮಾರಿನ ಕಣ್ಣು ಮಾರುತಿ ಜಿಪ್ಸಿಯ ಮೇಲೆ ಬಿತ್ತು. 1985ರಲ್ಲಿ ಬಂದಾಗ ಅದಕ್ಕೆ 970 ಸಿಸಿಯ ಸಣ್ಣ ಎಂಜಿನ್ನು, 45 ಅಶ್ವಶಕ್ತಿ. ಆದರೆ ತೂಕ ಟನ್ನಿಗಿಂತ ಕಡಿಮೆ, ನಾಲ್ಕೂ ಗಾಲಿಗೆ ಎಳೆತ. 1993ರಲ್ಲಿ ಗಾಲಿಗಳ ನಡುವಿನ ಅಗಲ ಹೆಚ್ಚಿತು, 1996ರಲ್ಲಿ 1.3 ಲೀಟರಿನ ಎಂಜಿನ್ನು ಬಂತು. ಅದು ಎಸ್ಟೀಮ್ ಕಾರಿನ ಎಂಜಿನ್ನಿನ ವಂಶದ್ದೇ ಆದ್ದರಿಂದ ಹಳೆ ಜಿಪ್ಸಿಗೆ ಸೆಕೆಂಡ್ ಹ್ಯಾಂಡ್ ಎಸ್ಟೀಮಿನ ಎಂಜಿನ್ನು ಕೂಡಿಸುವುದು ಮಿಸ್ತ್ರಿಗಳಿಗೆ ಕೈಗೆಟುಕುವ ಕೆಲಸವಾಯಿತು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ–1000 ರ‍್ಯಾಲಿಯಂಥ ಸ್ಪರ್ಧೆಗಳಲ್ಲಿ ಮಣ್ಣಿನ ದಾರಿಗೆ ಗಾಡಿ ಸಜ್ಜು ಮಾಡುವವರು ಎಣ್ಣೆ ತೊಟ್ಟಿಗೆ ರಕ್ಷಣೆಯ ತಗಡು, ಬಿಗಿಯಾದ ಪಾಟಾ, ಬೇಡದ ತೂಕ ತೆಗೆದುಹಾಕುವುದು ಎಂದು ಪಟ್ಟಿ ಮಾಡುತ್ತಾರೆ. ಅದರಲ್ಲಿ ಅರ್ಧದಷ್ಟು ಗಡಿಯ ಗ್ಯಾರೇಜುಗಳು ಜೋಳದ ಚೀಲ ಹೊರುವ ಜೀಪಿಗೆ ಮೊದಲೇ ಮಾಡಿದ್ದ ಕೆಲಸ. ಆ ಮಿಸ್ತ್ರಿಗಳ ಜಾಣ್ಮೆಗೆ ಎಂಜಿನಿಯರಿಂಗ್ ಎಂಬ ಗೌರವ ಸಲ್ಲಬೇಕಿತ್ತು.

ರಸ್ತೆಗಳು ಸುಧಾರಿಸಿವೆ. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಡಾಂಬರನ್ನು ಹಳ್ಳಿಗೆ ತಂದಿದೆ. ಆದರೂ ಎರಡು ರಾಜ್ಯಗಳ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರ ವರದಿಯಲ್ಲಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದ ಅಕ್ಕಲಕೋಟ ತಾಲೂಕಿನಲ್ಲಿ, 2022ರ ಕೊನೆಗೆ ಗಡಿ ವಿವಾದ ಮತ್ತೆ ಎದ್ದಾಗ, ಕೆಲವು ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಹೋಗುವ ಠರಾವು ಮಾಡಿದವು. ಅವರು ಮುಂದಿಟ್ಟ ದೂರುಗಳಲ್ಲಿ ಭಾಷೆಗಿಂತ ಮೊದಲು ಬಂದದ್ದು ರಸ್ತೆ ಮತ್ತು ನೀರು.

ಈ ನಡುವೆ ಕಾನೂನು ಬಿಗಿಯಾಯಿತು. ತಯಾರಕರು ನಿಗದಿ ಮಾಡಿದ ಮೂಲ ವಿವರಕ್ಕೆ ಹೊರತಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ ಎಂದಾಯಿತು. ಚಾಸಿ ಕತ್ತರಿಸುವುದನ್ನು ತಡೆದದ್ದು ಸರಿ. ಕೆಸರಿಗೆ ಹೆದರಿ ಎರಡು ಇಂಚು ಎತ್ತರ ಮಾಡಿಕೊಂಡ ರೈತನೂ ಅದೇ ಸಾಲಿನಲ್ಲಿ ನಿಲ್ಲಬೇಕಾದದ್ದು ಕಠಿಣ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲಿನಿಂದ ₹600ರ ಬದಲು ₹5,000 ಕಟ್ಟಬೇಕಾಯಿತು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ತುಂಬಿದ ಸರ್ಕಾರಿ ಗಾಡಿಗಳ ನೋಂದಣಿಯೇ ರದ್ದಾಗುತ್ತದೆ, ಅವು ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕು. ಹೀಗೆ ತಹಶೀಲ್ ಕಚೇರಿಯ, ಪಂಚಾಯತ್ ಸಮಿತಿಯ ಹಳೆ ಜೀಪು ಲಿಲಾವಿನಲ್ಲಿ ಹಳ್ಳಿಗೆ ಬರುತ್ತಿದ್ದ ದಾರಿ ಮುಚ್ಚಿದೆ. ರಕ್ಷಣೆಗೆ ಬಳಸುವ ವಿಶೇಷ ವಾಹನಗಳಿಗೆ ಈ ನಿಯಮದಿಂದ ವಿನಾಯಿತಿಯಿದೆ. ಕುರನೂರಿನ ಕಡೆ ಈಗ ಹಳೆ ಗಟ್ಟಿ ಗಾಡಿ ಹುಡುಕುವವರು ಸೈನ್ಯ ಬಿಟ್ಟ ಜಿಪ್ಸಿಗೆ ಕಾಯಬೇಕು, ಇಲ್ಲವೆ ಇನ್ನೊಬ್ಬ ರೈತನ ಅಂಗಳದಲ್ಲಿ ನಿಂತ ಬೊಲೆರೊಗೆ ದರ ಮಾತಾಡಬೇಕು.