ಓಲೆಗರಿಯಲ್ಲಿ ಒಂದು ಶಬ್ದದ ಶೋಧ

ಇಂದು ಅಳದಂಗಡಿಯಲ್ಲಿ ಅರಮನೆ ಇರುವ ಅಜಿಲ ಮನೆತನದ ತಿಮ್ಮಣ್ಣ ಅಜಿಲರು 1604ರಲ್ಲಿ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದರು. 35 ಅಡಿಯ ಆ ಕಲ್ಲು ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಅಲ್ಲಿಂದ ಮೂಡುಬಿದಿರೆಗೆ ಹೆಚ್ಚು ದೂರವಿಲ್ಲ. ಆದರೆ ಅಲ್ಲಿಯ ಸಿದ್ಧಾಂತ ಬಸದಿಯ ಒಂದು ಸಂಪತ್ತು ಬಹುಕಾಲ ಕೈಮುಗಿಯುವವರಿಗೆ ಕಂಡಿತೇ ಹೊರತು ಓದುವವರಿಗೆ ಸಿಗಲಿಲ್ಲ.

ಅದು ತಾಳೆಗರಿಯ ಕಟ್ಟುಗಳು. ಷಟ್ಖಂಡಾಗಮವೆಂಬ ಪ್ರಾಚೀನ ದಿಗಂಬರ ಜೈನ ಸಿದ್ಧಾಂತ ಗ್ರಂಥ, ಜೊತೆಗೆ ಅದಕ್ಕೆ ವೀರಸೇನಾಚಾರ್ಯರು ಸುಮಾರು 1200 ವರ್ಷಗಳ ಹಿಂದೆ ಬರೆದ ‘ಧವಲಾ’ ಟೀಕೆ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಇದರ ಹಳೆಯ ಪ್ರತಿ ದೇಶದಲ್ಲಿ ಬೇರೆಲ್ಲೂ ಉಳಿದಿರಲಿಲ್ಲ.

19ನೇ ಶತಮಾನದ ಕೊನೆಗೆ ಮಠದ ಒಪ್ಪಿಗೆಯಿಂದ ನಕಲು ಮಾಡುವ ಕೆಲಸ ಆರಂಭವಾಯಿತು; ಮುಗಿಯಲು ಕಾಲು ಶತಮಾನವೇ ಹಿಡಿಯಿತು. ನಕಲುಗಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯರು ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿ ಬರೆದಿಟ್ಟರು. ಪತ್ನಿ ಲಕ್ಷ್ಮೀಬಾಯಿಯವರೂ ಕೈಜೋಡಿಸಿದರು. ಆ ಪ್ರತಿ ಉತ್ತರದ ಸಹಾರನಪುರ ಸೇರಿ, ಅದರಿಂದ ಮತ್ತೆ ನಕಲುಗಳಾದವು. ಇದನ್ನು ಕಳ್ಳತನವೆನ್ನುವವರೂ ಇದ್ದಾರೆ. ಆದರೆ ಗ್ರಂಥ ಹೊರಜಗತ್ತಿಗೆ ಬಂದದ್ದು ಆ ದಂಪತಿಯ ಲೇಖನಿಯಿಂದಲೇ.

ಇಂಥ ನಕಲಿನ ನಕಲನ್ನು ಮುಂದಿಟ್ಟುಕೊಂಡು ವಿದ್ವಾಂಸ ಹೀರಾಲಾಲ್ ಜೈನ್ ಮತ್ತು ಸಂಗಡಿಗರು ಅಮರಾವತಿಯಿಂದ 1939ರಲ್ಲಿ ಮೊದಲ ಸಂಪುಟ ಹೊರತಂದರು. ಅದರ 93ನೇ ಸೂತ್ರದಲ್ಲಿ ತೊಡಕೊಂದು ಕಂಡಿತು. ಸ್ತ್ರೀಯರು ಆತ್ಮಸಾಧನೆಯ ಯಾವ ಯಾವ ಮೆಟ್ಟಿಲುಗಳಲ್ಲಿ ಇರಬಲ್ಲರೆಂದು ಹೇಳುವ ಸೂತ್ರವದು. ಅಲ್ಲಿ ‘ಸಂಜದ’, ಅಂದರೆ ಸಂಯತ, ಎಂಬ ಪದವಿರಲಿಲ್ಲ. ಟೀಕೆಯ ಮಾತನ್ನು ನೋಡಿದರೆ ಇರಲೇಬೇಕಿತ್ತು. ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿ ಬರೆದರು. ದೊಡ್ಡ ವಾದವೇ ಎದ್ದಿತು. ಸ್ತ್ರೀಗೆ ಸ್ತ್ರೀಜನ್ಮದಲ್ಲೇ ಮುಕ್ತಿಯುಂಟೇ ಎಂಬುದು ದಿಗಂಬರ, ಶ್ವೇತಾಂಬರ ಪಂಥಗಳನ್ನು ಬೇರ್ಪಡಿಸಿದ ಪ್ರಶ್ನೆಗಳಲ್ಲಿ ಒಂದು. ಮೂರಕ್ಷರದ ಮೇಲೆ ಅಷ್ಟು ಭಾರ ಬಿದ್ದಿತ್ತು. ಮುಂದೆ ಮೂಡುಬಿದಿರೆಯ ಮೂಲ ಓಲೆಗಳೊಡನೆ ತಾಳೆ ನೋಡಿದಾಗ ‘ಸಂಜದ’ ಅಲ್ಲಿ ಇದ್ದೇ ಇತ್ತು! ನಕಲು ಮಾಡುವಾಗ ಯಾರದೋ ಕಣ್ಣು ತಪ್ಪಿತ್ತು. ಪದದ ಅರ್ಥವೇನೆಂಬ ಚರ್ಚೆ ನಿಲ್ಲಲಿಲ್ಲ, ಆ ಮಾತು ಬೇರೆ.

ಎಲ್ಲಿ ಏನಿದೆ ಎಂಬುದೇ ತಿಳಿಯದಿದ್ದರೆ ಹುಡುಕುವುದಾದರೂ ಹೇಗೆ? ಮೂಡುಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳಲ್ಲಿದ್ದ ತಾಡಪತ್ರಿಗಳನ್ನು ಬಿಚ್ಚಿ ನೋಡಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಗ್ರಂಥಸೂಚಿಯನ್ನು ಕಾಶಿಯ ಭಾರತೀಯ ಜ್ಞಾನಪೀಠ 1948ರಲ್ಲಿ ಪ್ರಕಟಿಸಿತು. ಗಣಕಯಂತ್ರ ಬರುವ ಮುಂಚಿನ ಶೋಧಯಂತ್ರವೆಂದು ಅದನ್ನು ಧಾರಾಳವಾಗಿ ಕರೆಯಬಹುದು.

ಇನ್ನು ಓಲೆಯೇ ಕಪ್ಪಾಗಿ ಹೋದರೆ? ಉಡುಪಿಯ ಪಲಿಮಾರು ಮಠದಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಸುಮಾರು 700 ವರ್ಷ ಹಳೆಯ ಪ್ರತಿಗೆ ಬಂದದ್ದು ಇದೇ ಗತಿ. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಪಿ.ಆರ್. ಮುಕುಂದ್, ಬಿಂಬವಿಜ್ಞಾನಿ ರೋಜರ್ ಈಸ್ಟನ್ ಅವರೊಡನೆ ಬಂದು 2006ರಲ್ಲಿ ಅದರ ಛಾಯಾಚಿತ್ರ ತೆಗೆದರು. ಉಪಾಯ ಸರಳ. ಮಸಿ ಹಿಡಿದ ಅಕ್ಷರವೂ ಹಳತಾದ ಗರಿಯೂ ನಮ್ಮ ಕಣ್ಣಿಗೆ ಒಂದೇ ಬಣ್ಣ. ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಕ್ಯಾಮೆರಾ ಹಿಡಿದರೆ ಗರಿ ತಿಳಿಯಾಗುತ್ತದೆ, ಮಸಿ ಕಪ್ಪಾಗಿಯೇ ಉಳಿಯುತ್ತದೆ. ಆರ್ಕಿಮಿಡೀಸನ ಅಳಿಸಿಹೋದ ಬರಹವನ್ನು ಓದಿಸಿದ ತಂಡದಲ್ಲಿಯೂ ಈಸ್ಟನ್ ಇದ್ದರು.

ಆದರೆ ಚಿತ್ರ ಬೇರೆ, ಪಠ್ಯ ಬೇರೆ. ಛಾಯಾಚಿತ್ರದೊಳಗೆ ‘ಸಂಜದ’ದಂಥ ಪದವೊಂದನ್ನು ಹುಡುಕು ಎಂದರೆ ಗಣಕಕ್ಕೆ ತಿಳಿಯದು, ಪ್ರತಿ ಅಕ್ಷರಕ್ಕೂ ಅದು ಗುರುತಿಸುವ ಸಂಖ್ಯೆಯೊಂದು ಬೇಕು. ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ ಅಂಥ ಸಂಖ್ಯೆಗಳು 1991ರಲ್ಲೇ ದೊರೆತವು. ಕರಾವಳಿಯ ಎಷ್ಟೋ ಓಲೆಗಳಿರುವ ತುಳು–ತಿಗಳಾರಿ ಲಿಪಿಗೆ ದೊರೆತದ್ದು 2024ರ ಸೆಪ್ಟೆಂಬರಿನಲ್ಲಿ. ಸಂಖ್ಯೆ ಬಂದ ಮಾತ್ರಕ್ಕೆ ಓಲೆ ತಾನಾಗಿ ಪಠ್ಯವಾಗುವುದಿಲ್ಲ. ಕೂಡಕ್ಷರಗಳ ಜಟಿಲತೆ, ಬರೆದವರ ಕೈವಾಡದ ಭೇದ, ಹುಳು ತಿಂದ ತೂತು ಎಲ್ಲವೂ ಇವೆ. ಗಣಕಕ್ಕೆ ಇದನ್ನು ಕಲಿಸಬೇಕಾದರೆ ಲಿಪಿ ಬಲ್ಲವರು ಮೊದಲು ಸಾವಿರಾರು ಗರಿಗಳನ್ನು ಓದಿ, ಬೆರಳಚ್ಚು ಮಾಡಿ ಅದರ ಮುಂದಿಡಬೇಕು. ಹಾಗೆ ಓದಬಲ್ಲವರು ನಮ್ಮ ಜಿಲ್ಲೆಗಳಲ್ಲಿ ಈಗ ಬಹಳ ಮಂದಿ ಇಲ್ಲ.